ಬಿ ಖರಾಬು

ಹೆಸರಘಟ್ಟ ರಸ್ತೆಯಲ್ಲಿ, ಕೊನೆಯ ಬಸ್ ಸ್ಟಾಪಿನಾಚೆ
ಹುಣಸೆ ಮರಕ್ಕೆ ಹಳೇ ಟೈರೊಂದು ನೇತು ಬಿದ್ದಿದೆಯಲ್ಲ,
ಅದೇ ನನ್ನಂಗಡಿಯ ಬೋರ್ಡು.
ಗಂಡ ಹೋದ ಮೇಲೆ ಗಾಳಿ ಪಂಪು ನನ್ನ ಪಾಲಿಗೆ ಬಂತು.
ಮೊದಮೊದಲು ಹೆಂಗಸೆಂದು ಯಾರೂ ಗಾಡಿ ನಿಲ್ಲಿಸುತ್ತಿರಲಿಲ್ಲ.
ಈಗ ಭಾನುವಾರ ಸಾಲು.

ಇನ್ನೂ ಕತ್ತಲಿರುವಾಗಲೇ ಬರುತ್ತಾರೆ ಜೀಪಿನ ಹುಡುಗರು,
ಜೆ.ಪಿ. ನಗರ, ಸಹಕಾರ ನಗರ, ಎಲ್ಲೆಲ್ಲಿಂದಲೋ.
ಟೀ ಕುಡಿದು ಚಕ್ರದ ಗಾಳಿ ಇಳಿಸಿಕೊಳ್ಳುತ್ತಾರೆ
(ಮಣ್ಣಿಗೆ ಹದಿನೆಂಟು ಸಾಕು ಆಂಟಿ!)
ಆಮೇಲೆ ರಸ್ತೆ ಬಿಟ್ಟು ಕಾವಲಿಗೆ ನುಗ್ಗುತ್ತಾರೆ.
ಇಳಿಸಲು ಹತ್ತು ರೂಪಾಯಿ, ತುಂಬಲು ಇಪ್ಪತ್ತು.
ಸುಳ್ಳು ಯಾಕೆ, ಮಗಳ ಫೀಸು ಕಟ್ಟಿದ್ದು ಈ ದುಡ್ಡೇ.

ವಾಪಸು ಬರುವಾಗ ಟೈರಿನ ಗೀರುಗಳಲ್ಲಿ
ಕಾವಲೇ ಸಿಕ್ಕಿಕೊಂಡಿರುತ್ತದೆ:
ಗಂಜಿಗರಿಕೆಯ ಬೇರು, ಕೆಮ್ಮಣ್ಣು,
ಒಂದೊಂದು ಸಲ ಗರಿ.
ಒಮ್ಮೆ ಮೊಟ್ಟೆಯ ಚಿಪ್ಪು,
ಒಳಗಿನದು ಒಣಗಿ ರಬ್ಬರಿಗೆ ಅಂಟಿತ್ತು.
ನೀರು ಹಾಕಿ ಉಜ್ಜಿದೆ, ಹೋಗಲಿಲ್ಲ. ಉಗುರಲ್ಲಿ ಕೆರೆದೆ.
ಆ ಹುಡುಗ ಫೋನಿನಲ್ಲಿ
ತನ್ನ ವಿಡಿಯೊ ತಾನೇ ನೋಡುತ್ತಿದ್ದ.

ಮತ್ತೆ ಮುಳ್ಳು. ಜಾಲಿಯದು, ಕಾರೆಯದು,
ಬೆರಳುದ್ದ, ಬೆಳ್ಳಗೆ.
ಇಕ್ಕಳದಲ್ಲಿ ಎಳೆದು ಗಾಜಿನ ಬಾಟಲಿಗೆ ಹಾಕುತ್ತೇನೆ.
ಅಭ್ಯಾಸ. ಯಾಕೆಂದು ಗೊತ್ತಿಲ್ಲ.
ಉಪ್ಪಿನಕಾಯಿ ಹಾಕ್ತೀಯೇನಮ್ಮ, ಅಂದಳು ಮಗಳು.

ಹೋದ ತಿಂಗಳು ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿ
ಅಹವಾಲು ಕೇಳಿದರು.
ಗೋಡೆಗೆ ಬಣ್ಣದ ನಕಾಶೆ: ರೆಸಾರ್ಟು, ಹಗ್ಗದ ಸೇತುವೆ,
ಜೀಪು ಹಾರಿಸಲಿಕ್ಕೇ ಹನ್ನೆರಡು ಕಿಲೋಮೀಟರು ಟ್ರ್ಯಾಕು.
ಸರ್ವೆಯವನು ಪಹಣಿ ಓದಿದ: ಬಿ ಖರಾಬು.
ಮರವಿಲ್ಲ ಹಾಗಾಗಿ ಕಾಡಲ್ಲ, ಉಳುಮೆಯಿಲ್ಲ ಹಾಗಾಗಿ ಹೊಲವಲ್ಲ,
ಬರೀ ಹುಲ್ಲು ಸಾರ್, ಬರೀ ಹುಲ್ಲು.

ಕುರಿ ಕಾಯುವ ಗೂಳಯ್ಯ ಮೈಕು ಹಿಡಿದ, ಕೈ ನಡುಗುತ್ತಿತ್ತು:
‘ಬರೀ ಅಂತ ಯಾರು ಹೇಳಿಕೊಟ್ರು ಬುದ್ಧೀ?
ಬಿದ್ದ ಮಳೇನ ಓಡದಂಗೆ ಹಿಡ್ಕಳದು ಯಾರು?
ನಿಮ್ಮ ಕಡತದಾಗೆ ಖರಾಬು, ನಮ್ಮ ಬಾಯಾಗೆ ಕಾವಲು.
ಕಾವಲು ಅಂದ್ರೆ ಕಾಯದು. ಅದು ನಮ್ಮನ್ನ ಕಾದೈತೆ,
ಈಗ…’
ಅಷ್ಟರಲ್ಲಿ ಊಟದ ಹೊತ್ತಾಯಿತು.

ಹಕ್ಕಿ ಎಣಿಸುವ ಹುಡುಗಿ ಫಿರ್ದೌಸ್ ನೋಟ್‌ಬುಕ್ ಬಿಚ್ಚಿದಳು.
ಚಳಿಗೆ ಗಿಡುಗಗಳು ಹಿಮದ ದೇಶದಿಂದ
ಇದೇ ಹುಲ್ಲಿಗೆ ಬಂದು ಮಲಗುತ್ತವೆ, ನೆಲದ ಮೇಲೆ, ಅಂದಳು.
ಅವಕ್ಕೆ ರೇಷನ್ ಕಾರ್ಡು ಉಂಟಾ ಎಂದು ಯಾರೋ ಕೇಳಿದರು.
ನಕ್ಕವರಲ್ಲಿ ನಾನೂ ಇದ್ದೆ.

ನನ್ನ ಟೋಕನ್ನು ನಲವತ್ತೊಂದು.
ಹೆಸರು ಮುನಿಲಕ್ಷ್ಮಮ್ಮ, ಅಂದೆ. ಗಂಟಲು ಕಟ್ಟಿತು.
ಟ್ರ್ಯಾಕು ಬಂದರೆ ವ್ಯಾಪಾರ ನಾಲ್ಕು ಪಟ್ಟು,
ಅದು ಅವರಿಗೂ ಗೊತ್ತು, ನನಗೂ ಗೊತ್ತು,
ಆ ಸಾಹೇಬರು ನನ್ನ ಕಡೆ ನೋಡಿ ಆಗಲೇ ನಗುತ್ತಿದ್ದರು.
ಬೇಡ, ಅಂದೆ.
ಬರೆದುಕೊಂಡರೋ ಇಲ್ಲವೋ.

ಸೋಮವಾರ ಅಂಗಡಿ ಮುಚ್ಚಿ ಕಾವಲಿಗೆ ಹೋದೆ.
ಇಪ್ಪತ್ತು ವರ್ಷ ರಸ್ತೆಯಂಚಿಗೇ ಇದ್ದು
ಅಷ್ಟು ಒಳಗೆ ಕಾಲಿಟ್ಟವಳಲ್ಲ.
ಟೈರು ತೋಡಿದ ಹಳ್ಳದಲ್ಲೇ
ಹರಳುಕಲ್ಲಿನಂಥ ನಾಲ್ಕು ಮೊಟ್ಟೆ, ಮಚ್ಚೆ ಮಚ್ಚೆ.
ಅಷ್ಟಗಲ ಬಯಲಿದ್ದೂ ಈ ದಡ್ಡ ಹಕ್ಕಿಗೆ
ಚಕ್ರದ ಜಾಡೇ ಬೇಕಿತ್ತೆ!
ಟಿಟ್ಟಿಭ, ಎಂದಿದ್ದಳು ಫಿರ್ದೌಸ್.
ನೆತ್ತಿಯ ಮೇಲೆ ಸುತ್ತಿ ಸುತ್ತಿ ಬೈಯುತ್ತಿತ್ತು,
ಹಳದಿ ಕಾಲು ಇಳಿಬಿಟ್ಟುಕೊಂಡು.

ಬಾಟಲಿ ಬಗ್ಗಿಸಿದೆ. ಆ ಕಡೆ ಹತ್ತು ಮಾರು, ಈ ಕಡೆ ಹತ್ತು ಮಾರು,
ಎಳೆದದ್ದನ್ನೆಲ್ಲ ಎಳೆದಲ್ಲಿಗೇ ಸುರಿದೆ.

ಗೊತ್ತು, ಜನ ಏನನ್ನುತ್ತಾರೆ.
ಪಂಕ್ಚರ್ ಅಂಗಡಿಯವಳು ಮುಳ್ಳು ಚೆಲ್ಲಿದಳಂತೆ!
ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.
ಬೈಯುತ್ತಿದ್ದ ಹಕ್ಕಿಗೂ ಇರಲಿಲ್ಲ.
ಭಾನುವಾರ ಬೇಗ ಎದ್ದು
ಸ್ಟವ್ ಹಚ್ಚಿ, ಸೊಲ್ಯೂಷನ್ ಡಬ್ಬಿ ತೆಗೆದಿಟ್ಟು
ದೂರದ ಇಂಜಿನ್ನುಗಳಿಗೆ ಕಿವಿಗೊಟ್ಟು ಕೂತೆ.